ಆರೋಗ್ಯ ತಪಾಸಣೆ: ಯಾವುದು, ಯಾವಾಗ, ಆಮೇಲೇನು?

ಜಾತ್ರಾ ಮಹೋತ್ಸವದ ಸಂದರ್ಭದಲ್ಲಿ ಉಚಿತ ಆರೋಗ್ಯ ಶಿಬಿರಗಳು ನಡೆಯುವುದು ನಮ್ಮ ನಾಡಿನ ಮಠಗಳಲ್ಲಿ ರೂಢಿಯಾಗಿದೆ. ದಾಸೋಹ ಭವನದ ಪಕ್ಕದಲ್ಲಿ ಶಾಮಿಯಾನ ಹಾಕಿ, ನಾಲ್ಕು ಮೇಜುಗಳನ್ನಿಟ್ಟು, ಬಂದ ಭಕ್ತರ ರಕ್ತದೊತ್ತಡವನ್ನೂ ರಕ್ತದಲ್ಲಿನ ಸಕ್ಕರೆಯ ಪ್ರಮಾಣವನ್ನೂ ನೋಡಿ ಚೀಟಿ ಬರೆದುಕೊಡುತ್ತೇವೆ. ಹಲವು ವರ್ಷಗಳ ಹಿಂದೆ ಅಂತಹ ಒಂದು ಶಿಬಿರದಲ್ಲಿ ನಾನೂ ಒಂದು ಮೇಜಿನ ಹಿಂದೆ ಕುಳಿತಿದ್ದೆ. ಒಂದೇ ದಿನದಲ್ಲಿ ನೂರಾರು ಜನರನ್ನು ನೋಡಿದೆವೆಂಬ ತೃಪ್ತಿಯಿಂದ ಮನೆಗೆ ಮರಳಿದೆ.

ಮೂರು ವರ್ಷಗಳ ತರುವಾಯ ಐವತ್ತೈದರ ಆಸುಪಾಸಿನ ತಾಯಿಯೊಬ್ಬರನ್ನು ಆಸ್ಪತ್ರೆಗೆ ಕರೆತಂದರು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದ್ದವು, ಮಾತು ನಿಂತಿತ್ತು. "ನಮ್ಮವ್ವಗ ಏನೂ ಇರ್ಲಿಲ್ರೀ ಡಾಕ್ಟರ್ರ, ನಿನ್ನಿ ಸಂಜಿತನಕ ರೊಟ್ಟಿ ಬಡದಾಳ" ಎಂದು ಮಗ ಅಳುತ್ತ ಹೇಳಿದ. ಎರಡು ದಿನ ಕಳೆದ ಮೇಲೆ ಅವನೇ ಮಡಚಿದ ಚೀಟಿಯೊಂದನ್ನು ತಂದುಕೊಟ್ಟ. ಮನೆಯ ದೇವರ ಜಗಲಿಯ ಮೇಲೆ, ವಿಭೂತಿಗಟ್ಟಿಯ ಪಕ್ಕದಲ್ಲಿ ಅದು ಇತ್ತಂತೆ. ಅದು ನಮ್ಮ ಶಿಬಿರದ ಚೀಟಿ. ಅದರ ಮೇಲೆ ನನ್ನ ಕೈಬರಹದಲ್ಲಿ 178/106 ಎಂದೂ, ಕೆಳಗೆ 'ವೈದ್ಯರನ್ನು ಕಾಣಿರಿ' ಎಂದೂ ಬರೆದಿತ್ತು.

ಆ ತಾಯಿ ಚೀಟಿಯನ್ನು ಮಠದಿಂದ ತಂದ ಪ್ರಸಾದದಂತೆ ಜೋಪಾನ ಮಾಡಿದ್ದರು. ಓದಲು ಬಾರದ ಅವರಿಗೆ ಆ ಅಂಕಿಯ ಅರ್ಥವೇನೆಂದು ತಿಳಿಸಿ ಹೇಳಲು ಎರಡು ನಿಮಿಷ ನಾನು ಕೊಟ್ಟಿರಲಿಲ್ಲ, ಸಾಲು ಉದ್ದವಿತ್ತು. ಯಾವ ವೈದ್ಯರನ್ನು, ಎಲ್ಲಿ, ಎಷ್ಟು ದಿನದೊಳಗೆ ಕಾಣಬೇಕೆಂದೂ ಬರೆದಿರಲಿಲ್ಲ. ತಪಾಸಣೆ ನಡೆದಿತ್ತು, ರೋಗವೂ ಪತ್ತೆಯಾಗಿತ್ತು. ಆದರೆ ಅದರಿಂದ ಆಕೆಗೆ ಎಳ್ಳಷ್ಟೂ ಪ್ರಯೋಜನವಾಗಲಿಲ್ಲ. ತಪಾಸಣೆಯ ಮಹತ್ವವನ್ನು ಕುರಿತು ಬರೆಯಬೇಕೆಂದು ಪತ್ರಿಕೆಯ ಸಂಪಾದಕರು ಕೇಳಿದಾಗ ನನಗೆ ಮೊದಲು ನೆನಪಾದದ್ದು ಆ ಚೀಟಿ. ಅಂಕಿ ತಿಳಿದ ದಿನ ತಪಾಸಣೆ ಮುಗಿಯುವುದಿಲ್ಲ, ಆರಂಭವಾಗುತ್ತದೆ ಎಂಬುದನ್ನು ನಾನು ಕಲಿತದ್ದು ಹೀಗೆ.

ಮಗನ ಮಾತಿನಲ್ಲಿ ಸುಳ್ಳಿರಲಿಲ್ಲ. ಆಕೆಗೆ ನಿಜವಾಗಿಯೂ ಏನೂ 'ಆಗುತ್ತಿರಲಿಲ್ಲ'. ನಮ್ಮ ಶರೀರಕ್ಕೆ ಮುಳ್ಳು ಚುಚ್ಚಿದರೆ ತಿಳಿಯುತ್ತದೆ, ಹಲ್ಲು ನೋಯುತ್ತದೆ, ಜ್ವರ ಬಂದರೆ ಮೈ ಕಾಯುತ್ತದೆ. ಆದರೆ ರಕ್ತನಾಳದ ಗೋಡೆಯ ಮೇಲೆ ಬೀಳುವ ಒತ್ತಡವನ್ನು ನಮ್ಮ ಅರಿವಿಗೆ ತರುವ ವ್ಯವಸ್ಥೆ ಶರೀರದಲ್ಲಿಲ್ಲ. ರಕ್ತದೊತ್ತಡ ಏರಿದರೆ ತಲೆ ನೋಯುತ್ತದೆ, ಸಿಟ್ಟು ಬರುತ್ತದೆ, ಇವೆರಡೂ ಇಲ್ಲದವನಿಗೆ ಬಿ.ಪಿ. ಇಲ್ಲ ಎಂಬ ನಂಬಿಕೆ ಜನರಲ್ಲಿ ಆಳವಾಗಿ ಬೇರೂರಿದೆ. ಶಾಂತ ಸ್ವಭಾವದ, ಒಂದು ದಿನವೂ ತಲೆನೋವೆನ್ನದ ಎಷ್ಟೋ ಹಿರಿಯರಲ್ಲಿ 180ರ ಮೇಲಿನ ಒತ್ತಡವನ್ನು ನಾನು ಕಂಡಿದ್ದೇನೆ. ಆ ಒತ್ತಡದ ವಿರುದ್ಧ ವರ್ಷಾನುಗಟ್ಟಲೆ ದುಡಿದ ಹೃದಯದ ಎಡ ಕೋಣೆಯ ಸ್ನಾಯು ದಪ್ಪವಾಗುತ್ತದೆ. ಮೆದುಳಿನೊಳಗಿನ ಸೂಕ್ಷ್ಮ ನಾಳಗಳು ಬಿರುಸಾಗಿ ಕೊನೆಗೆ ಕಟ್ಟಿಕೊಳ್ಳುತ್ತವೆ ಇಲ್ಲವೆ ಒಡೆಯುತ್ತವೆ. ಮೂತ್ರಪಿಂಡಗಳ ಜರಡಿಯಂತಹ ಸೂಕ್ಷ್ಮ ರಚನೆಗಳು ಒಂದೊಂದಾಗಿ ನಶಿಸುತ್ತವೆ. ಮೂತ್ರಪಿಂಡದ ಸಂಗತಿಯಂತೂ ಇನ್ನೂ ಕಠಿಣ. ಅದರ ಶಕ್ತಿ ಅರ್ಧದಷ್ಟು ಕುಂದುವವರೆಗೂ ರಕ್ತದಲ್ಲಿನ ಕ್ರಿಯಾಟಿನಿನ್ ಸಹಜ ಮಿತಿಯಲ್ಲಿಯೇ ಇರಬಹುದು. ಕಾಲು ಬಾತುಕೊಂಡು, ಊಟ ಸೇರದೆ, ವಾಂತಿಯಾಗುತ್ತಿದೆ ಎಂದು ಬರುವ ಹೊತ್ತಿಗೆ ಅನೇಕರಿಗೆ ಉಳಿದಿರುವ ದಾರಿ ಡಯಾಲಿಸಿಸ್ ಮಾತ್ರ.

ಇದನ್ನು ತಡೆಯಲು ಬೇಕಾದ ಉಪಕರಣ ಹೊಸದಲ್ಲ, ದುಬಾರಿಯೂ ಅಲ್ಲ. ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಸ್ಟೆತಾಸ್ಕೋಪಿನಿಂದ ನಾಳದ ಸದ್ದನ್ನು ಆಲಿಸಿ ಮೇಲಿನ ಮತ್ತು ಕೆಳಗಿನ ಒತ್ತಡಗಳೆರಡನ್ನೂ ಅಳೆಯುವ ವಿಧಾನವನ್ನು ರಷ್ಯಾದ ಶಸ್ತ್ರವೈದ್ಯ ನಿಕೊಲಾಯ್ ಕೊರೊಟ್ಕಾಫ್ 1905ರಲ್ಲಿಯೇ ತಿಳಿಸಿದ. ಒಂದು ಶತಮಾನಕ್ಕೂ ಹೆಚ್ಚು ಕಾಲದಿಂದ ಕೈಯಲ್ಲಿರುವ ಈ ಪರೀಕ್ಷೆಯನ್ನು ಸರಿಯಾಗಿ ಮಾಡುವುದು ಮಾತ್ರ ಇಂದಿಗೂ ಅಪರೂಪ. ಬಸ್ಸಿಳಿದು ಓಡಿ ಬಂದವರನ್ನು ಆ ಕ್ಷಣವೇ ಕೂರಿಸಿ ಪಟ್ಟಿ ಸುತ್ತಿದರೆ ಸಿಗುವ ಅಂಕಿ ನಂಬತಕ್ಕದ್ದಲ್ಲ. ಐದು ನಿಮಿಷ ಸುಮ್ಮನೆ ಕುಳಿತಿರಬೇಕು. ಬೆನ್ನಿಗೆ ಆಸರೆ, ಪಾದಗಳು ನೆಲದ ಮೇಲೆ, ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಬೇಕು. ಅರ್ಧ ಗಂಟೆ ಮುಂಚೆ ಚಹಾ, ಕಾಫಿ, ತಂಬಾಕು ಕೂಡದು. ಮೂತ್ರವನ್ನು ತಡೆದುಕೊಂಡು ಕೂರಬಾರದು, ಅಳೆಯುವಾಗ ಮಾತನಾಡಬಾರದು. ಒಂದೆರಡು ನಿಮಿಷದ ಅಂತರದಲ್ಲಿ ಎರಡು ಸಲ ನೋಡಬೇಕು. ಹೀಗೆ ನೋಡಿದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚು ಇದ್ದು, ಬೇರೊಂದು ದಿನವೂ ಅಷ್ಟೇ ಇದ್ದರೆ ಅದು ಅಧಿಕ ರಕ್ತದೊತ್ತಡ. ಎರಡು ಅಂಕಿಗಳಲ್ಲಿ ಒಂದು ಮಾತ್ರ ಮಿತಿ ಮೀರಿದ್ದರೂ ಲೆಕ್ಕಕ್ಕೆ ಬರುತ್ತದೆ. "ವಯಸ್ಸಿಗೆ ನೂರು ಕೂಡಿಸಿದಷ್ಟು ಇದ್ದರೆ ಸರಿ" ಎಂಬ ಹಳೆಯ ಲೆಕ್ಕವನ್ನು ದಯವಿಟ್ಟು ಬಿಟ್ಟುಬಿಡಬೇಕು.

ಸಕ್ಕರೆ ಕಾಯಿಲೆಯ ವಿಷಯದಲ್ಲಿ ತಪಾಸಣೆಗೆ ಇನ್ನೂ ಒಂದು ಹೆಚ್ಚಿನ ಬೆಲೆಯಿದೆ. ರೋಗ ಬಂದದ್ದನ್ನು ಬೇಗ ಕಾಣುವುದಷ್ಟೇ ಅಲ್ಲದೆ, ಬರಲಿರುವುದನ್ನೂ ಕಾಣಬಹುದು. ಕನಿಷ್ಠ ಎಂಟು ಗಂಟೆ ಏನನ್ನೂ ಸೇವಿಸದೆ ತೆಗೆದ ರಕ್ತದಲ್ಲಿ ಸಕ್ಕರೆ 126 ಮಿಲಿಗ್ರಾಂ ಅಥವಾ ಹೆಚ್ಚಿದ್ದರೆ ಮಧುಮೇಹ. 100ರಿಂದ 125ರ ನಡುವೆ ಇದ್ದರೆ ಅದು ಮಧುಮೇಹದ ಹೊಸ್ತಿಲು. ಈ ಹೊಸ್ತಿಲ ಮೇಲೆ ನಿಂತವರು ಹಿಂದೆ ಸರಿಯಬಹುದೇ? ಸರಿಯಬಹುದೆಂದು ಚೆನ್ನೈನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಸಕ್ಕರೆ ಏರತೊಡಗಿದ್ದರೂ ಇನ್ನೂ ಮಧುಮೇಹವಾಗಿರದ 531 ಜನರನ್ನು ಮೂರು ವರ್ಷ ಗಮನಿಸಲಾಯಿತು. ಸಾಮಾನ್ಯ ಸಲಹೆ ಮಾತ್ರ ಪಡೆದವರಲ್ಲಿ ನೂರಕ್ಕೆ 55 ಮಂದಿ ಮಧುಮೇಹಿಗಳಾದರು. ನಡಿಗೆ ಮತ್ತು ಆಹಾರದಲ್ಲಿ ಶಿಸ್ತು ಪಾಲಿಸಿದ ಗುಂಪಿನಲ್ಲಿ ಆ ಸಂಖ್ಯೆ ಸುಮಾರು 39. ಅದೇ ಅಧ್ಯಯನದಲ್ಲಿ ಗುಳಿಗೆ ಪಡೆದವರಿಗೆ ಆದ ಲಾಭವೂ ಹೆಚ್ಚು ಕಡಿಮೆ ಇಷ್ಟೇ. ನಮ್ಮ ಜನರ ಶರೀರ, ನಮ್ಮ ಅನ್ನ ಸಾರು ಇವುಗಳ ನಡುವೆಯೇ ಬಂದ ಫಲಿತಾಂಶವಾದ್ದರಿಂದ ಇದಕ್ಕೆ ನಾನು ವಿಶೇಷ ಮನ್ನಣೆ ಕೊಡುತ್ತೇನೆ. ಆದರೆ ಹೊಸ್ತಿಲ ಮೇಲೆ ನಿಂತಿದ್ದೇನೆಂದು ತಿಳಿಯದವರು ಹಿಂದೆ ಸರಿಯುವುದಾದರೂ ಹೇಗೆ?

ಇಲ್ಲಿ ಒಂದು ಸಣ್ಣ ಕಪಟದ ಮಾತನ್ನೂ ಹೇಳಬೇಕು. ನಾಳೆ ರಕ್ತಪರೀಕ್ಷೆ ಎಂದರೆ ಮೂರು ದಿನ ಮೊದಲೇ ಹೋಳಿಗೆ, ಅನ್ನ ಬಿಟ್ಟು ಬರುವವರಿದ್ದಾರೆ. ವರದಿ ಚೆನ್ನಾಗಿ ಬಂದರೆ ದಾರಿಯಲ್ಲಿಯೇ ಪೇಢೆ ಕೊಂಡು ತಿನ್ನುತ್ತಾರೆ. ವೈದ್ಯನನ್ನು ಗೆದ್ದಂತೆ ಅವರಿಗೆ ಅನಿಸುತ್ತದೆಯೇನೋ. ಎಚ್‌ಬಿಎ1ಸಿ ಎಂಬ ಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ಹೇಳುವುದರಿಂದ ಅಲ್ಲಿ ಈ ಉಪಾಯ ನಡೆಯದು, 6.5 ಅಥವಾ ಹೆಚ್ಚಿದ್ದರೆ ಮಧುಮೇಹ. ಆದರೆ ಕಬ್ಬಿಣದ ಕೊರತೆಯಿಂದ ರಕ್ತಹೀನತೆ ಇರುವವರಲ್ಲಿ, ವಿಶೇಷವಾಗಿ ನಮ್ಮ ಹೆಣ್ಣುಮಕ್ಕಳಲ್ಲಿ, ಈ ಅಂಕಿ ಇರುವುದಕ್ಕಿಂತ ಹೆಚ್ಚು ತೋರಬಹುದು. ಹಾಗಾಗಿ ಒಂದೇ ಕಾಗದವನ್ನು ನೋಡಿ ಹೆದರದೆ, ಹಿಮೋಗ್ಲೋಬಿನ್ ಎಷ್ಟಿದೆಯೆಂಬುದನ್ನೂ ವೈದ್ಯರ ಗಮನಕ್ಕೆ ತರಬೇಕು. ಬೆರಳ ತುದಿಗೆ ಚುಚ್ಚಿ ನೋಡುವ ಶಿಬಿರದ ಪರೀಕ್ಷೆ ಸಂಶಯವನ್ನು ತಿಳಿಸುತ್ತದೆಯೇ ಹೊರತು ನಿರ್ಣಯ ಕೊಡುವುದಿಲ್ಲ. ನಿರ್ಣಯಕ್ಕೆ ರಕ್ತನಾಳದಿಂದ ತೆಗೆದ ರಕ್ತವೇ ಬೇಕು. ಮಧುಮೇಹವಿದೆಯೆಂದು ಖಚಿತವಾದವರು ಅದೇ ತಿಂಗಳಲ್ಲಿ ಕಣ್ಣಿನ ಪಾಪೆಗೆ ಹನಿ ಹಾಕಿಸಿ ಅಕ್ಷಿಪಟಲವನ್ನು ತೋರಿಸಬೇಕು, ಮೂತ್ರದಲ್ಲಿ ಅಲ್ಬುಮಿನ್ ಹೋಗುತ್ತಿದೆಯೇ ಎಂದು ಪರೀಕ್ಷಿಸಬೇಕು, ಪಾದಗಳ ಸ್ಪರ್ಶಜ್ಞಾನವನ್ನು ನೋಡಿಸಬೇಕು. ದೃಷ್ಟಿ ಚೆನ್ನಾಗಿಯೇ ಇದೆಯಲ್ಲ ಎನ್ನಬಾರದು. ದೃಷ್ಟಿ ಮಂಜಾಗುವ ಮೊದಲೇ ಅಕ್ಷಿಪಟಲದಲ್ಲಿ ರಕ್ತದ ಚುಕ್ಕೆಗಳು ಕಾಣಿಸಿಕೊಂಡಿರುತ್ತವೆ.

ಇನ್ನು ಕ್ಯಾನ್ಸರ್. ಈ ಹೆಸರನ್ನು ಕೇಳಿದೊಡನೆ ಮುಖ ತಿರುಗಿಸುವವರೇ ಹೆಚ್ಚು. "ಸುಮ್ನಿದ್ದವರು ಆಸ್ಪತ್ರಿಗೆ ಹೋದ್ರ ಇಲ್ಲದ ರೋಗ ಹಚ್ಚತಾರ" ಎಂಬ ಮಾತನ್ನು ನಾನು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ಎಲ್ಲ ಕ್ಯಾನ್ಸರುಗಳನ್ನೂ ಮೊದಲೇ ಕಂಡುಹಿಡಿಯಲಾಗದು ಎಂಬುದು ನಿಜ. ಆದರೆ ನಮ್ಮಲ್ಲಿ ಹೆಚ್ಚಾಗಿರುವ ಎರಡನ್ನು ಕಂಡುಹಿಡಿಯಲು ದೊಡ್ಡ ಯಂತ್ರ ಬೇಕಿಲ್ಲ. ಒಂದಕ್ಕೆ ಬೆಳಕು ಸಾಕು, ಇನ್ನೊಂದಕ್ಕೆ ಬೆಳಕಿನೊಡನೆ ಸ್ವಲ್ಪ ಅಸಿಟಿಕ್ ಆಮ್ಲ.

ಮೊದಲನೆಯದು ಬಾಯಿಯ ಕ್ಯಾನ್ಸರ್. ತಂಬಾಕು, ಗುಟ್ಕಾ, ಅಡಿಕೆಯನ್ನು ಕೆನ್ನೆಯೊಳಗೆ ಇಟ್ಟುಕೊಳ್ಳುವ ಚಟವುಳ್ಳವರಲ್ಲಿ ಕ್ಯಾನ್ಸರ್ ಆಗುವುದಕ್ಕೆ ಬಹಳ ಮುಂಚೆಯೇ ಉಜ್ಜಿದರೂ ಹೋಗದ ಬಿಳಿ ಮಚ್ಚೆ, ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು ಕಾಣಿಸಬಹುದು. ಬಾಯಿ ತೆರೆದರೆ ಮೂರು ಬೆರಳುಗಳನ್ನು ಒಂದರ ಮೇಲೊಂದು ಇಟ್ಟು ತೂರಿಸಲಾಗದಿದ್ದರೆ ಅದೂ ಎಚ್ಚರಿಕೆಯ ಗುರುತು. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ, ವೈದ್ಯರಲ್ಲದ, ಆದರೆ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿಯನ್ನು ಬೆಳಕಿನಲ್ಲಿ ಪರೀಕ್ಷಿಸಿದರು. ತಂಬಾಕು ಅಥವಾ ಮದ್ಯ ಸೇವಿಸುವವರಲ್ಲಿ ಬಾಯಿಯ ಕ್ಯಾನ್ಸರಿನಿಂದಾಗುವ ಸಾವು ಸುಮಾರು ಮೂರನೆಯ ಒಂದು ಭಾಗದಷ್ಟು ಇಳಿಯಿತೆಂದು 2005ರಲ್ಲಿ ಪ್ರಕಟವಾದ ಅದರ ಫಲಿತಾಂಶ ತಿಳಿಸಿತು.

ಎರಡನೆಯದು ಸ್ತ್ರೀಯರ ಗರ್ಭಕಂಠದ ಕ್ಯಾನ್ಸರ್. ಎಚ್‌ಪಿವಿ ಎಂಬ ವೈರಾಣುವಿನ ಸೋಂಕು ಗರ್ಭಕಂಠದಲ್ಲಿ ದೀರ್ಘಕಾಲ ಉಳಿದಾಗ ಅಲ್ಲಿನ ಜೀವಕೋಶಗಳು ಮೆಲ್ಲಮೆಲ್ಲನೆ ಬದಲಾಗುತ್ತವೆ. ಆ ಬದಲಾವಣೆ ಕ್ಯಾನ್ಸರಾಗಲು ಸಾಮಾನ್ಯವಾಗಿ ಹತ್ತು ಹದಿನೈದು ವರ್ಷಗಳೇ ಹಿಡಿಯುತ್ತವೆ. ಪ್ರಕೃತಿ ನಮಗೆ ಕೊಟ್ಟ ಇಷ್ಟು ದೀರ್ಘ ಅವಕಾಶವನ್ನು ನಾವು ಸಂಕೋಚದಲ್ಲಿ ಕಳೆಯುತ್ತಿದ್ದೇವೆ. ಪರೀಕ್ಷೆ ಸರಳ. ತೆಳು ಅಸಿಟಿಕ್ ಆಮ್ಲವನ್ನು ಗರ್ಭಕಂಠಕ್ಕೆ ಹಚ್ಚಿ ಒಂದು ನಿಮಿಷ ಕಾದರೆ ಬದಲಾದ ಭಾಗ ಬಿಳುಪಾಗುತ್ತದೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು ಅಲ್ಲಿನ ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎರಡು ವರ್ಷಕ್ಕೊಮ್ಮೆ ಈ ಪರೀಕ್ಷೆಯನ್ನು ನಡೆಸಿದರು. ಪರೀಕ್ಷೆ ಮಾಡಿದವರು ಹತ್ತನೆಯ ತರಗತಿ ಓದಿ, ಕೆಲವೇ ವಾರಗಳ ತರಬೇತಿ ಪಡೆದ ಸ್ಥಳೀಯ ಹೆಣ್ಣುಮಕ್ಕಳು. ಆ ಗುಂಪಿನಲ್ಲಿ ಗರ್ಭಕಂಠದ ಕ್ಯಾನ್ಸರಿನ ಸಾವುಗಳು ನೂರಕ್ಕೆ 31ರಷ್ಟು ಕಡಿಮೆಯಾದವು. ಬಿಳುಪು ಕಂಡ ಎಲ್ಲರಿಗೂ ಕ್ಯಾನ್ಸರ್ ಇರುವುದಿಲ್ಲ. ಬಹುಪಾಲು ಜನರಲ್ಲಿ ಅದು ಸೋಂಕು, ಇಲ್ಲವೆ ಅಲ್ಲಿಯೇ ಗುಣಪಡಿಸಬಹುದಾದ ಪೂರ್ವಸ್ಥಿತಿ.

ಮಕ್ಕಳಾದ ಮೇಲೆ, ಮುಟ್ಟು ನಿಂತ ಮೇಲೆ ಇದರ ಅಗತ್ಯವಿಲ್ಲವೆಂದು ತಾಯಂದಿರು ಭಾವಿಸುತ್ತಾರೆ. ಮುಟ್ಟು ನಿಂತ ಬಳಿಕ ಮತ್ತೆ ಕಾಣಿಸುವ ರಕ್ತವನ್ನಂತೂ ಯಾರಿಗೂ ಹೇಳದೆ ತಿಂಗಳುಗಟ್ಟಲೆ ಬಚ್ಚಿಡುತ್ತಾರೆ. ಮನೆಯ ಯಜಮಾನರಿಗೆ ನನ್ನ ಪ್ರಾರ್ಥನೆ ಇಷ್ಟೆ: ನಿಮ್ಮ ಪರೀಕ್ಷೆಗೆ ಆಕೆ ಜೊತೆಗೆ ಬರುತ್ತಾರೆ, ಆಕೆಯ ಪರೀಕ್ಷೆಗೆ ನೀವು ಜೊತೆಗೆ ಹೋಗಿರಿ. ಒಂಬತ್ತರಿಂದ ಹದಿನಾಲ್ಕು ವರ್ಷದ ಹೆಣ್ಣುಮಕ್ಕಳಿಗೆ ಎಚ್‌ಪಿವಿ ಲಸಿಕೆ ಹಾಕಿಸಿದರೆ ಈ ರೋಗ ಬರುವ ಸಂಭವವೇ ಬಹಳವಾಗಿ ತಗ್ಗುತ್ತದೆ. ಸ್ತನದಲ್ಲಿ ನೋವಿಲ್ಲದ ಗಂಟು ಕಂಡರೆ ನೋವಿಲ್ಲವೆಂಬ ಕಾರಣಕ್ಕೇ ಅದನ್ನು ಬೇಗ ತೋರಿಸಬೇಕು.

ಇಷ್ಟನ್ನು ಓದಿ, ಹಾಗಾದರೆ ಇರುವ ಪರೀಕ್ಷೆಗಳನ್ನೆಲ್ಲ ಒಮ್ಮೆಗೇ ಮಾಡಿಸಿಬಿಡೋಣ ಎಂದು ಯಾರಾದರೂ ಹೊರಟರೆ ಅವರನ್ನು ತಡೆಯುವುದೂ ನನ್ನ ಕರ್ತವ್ಯ. 'ಸಂಪೂರ್ಣ ದೇಹ ತಪಾಸಣೆ, ಎಂಬತ್ತು ಪರೀಕ್ಷೆ, ಹಬ್ಬದ ರಿಯಾಯಿತಿ' ಎಂಬ ಜಾಹೀರಾತುಗಳು ಈಗ ಮೊಬೈಲಿನಲ್ಲಿ ದಿನವೂ ಬರುತ್ತವೆ. ಪ್ರಯೋಗಾಲಯದ ವರದಿಯಲ್ಲಿ 'ಸಹಜ ಮಿತಿ' ಎಂದು ಬರೆದಿರುತ್ತದಷ್ಟೆ. ಆರೋಗ್ಯವಂತರಾದ ನೂರು ಜನರಲ್ಲಿ 95 ಜನರ ಅಂಕಿ ಯಾವ ಎಲ್ಲೆಯೊಳಗೆ ಬರುವುದೋ ಅದನ್ನೇ ಸಾಮಾನ್ಯವಾಗಿ ಸಹಜ ಮಿತಿ ಎನ್ನುತ್ತಾರೆ. ಎಂದರೆ ಉಳಿದ ಐದು ಜನ ಆರೋಗ್ಯವಂತರಾಗಿದ್ದೂ ಮಿತಿಯ ಹೊರಗಿರುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ ಇಂತಹ 20 ಪರೀಕ್ಷೆಗಳನ್ನು ಪೂರ್ಣ ಆರೋಗ್ಯವಂತನೊಬ್ಬನಿಗೆ ಮಾಡಿದರೆ ಒಂದಾದರೂ ದಪ್ಪ ಅಕ್ಷರದಲ್ಲಿ ಅಚ್ಚಾಗಿ ಬರುವ ಸಾಧ್ಯತೆ ನೂರಕ್ಕೆ 64. ಎಂಬತ್ತು ಮಾಡಿಸಿದರೆ ಯಾರೂ ಪಾರಾಗುವಂತಿಲ್ಲ! ಆ ದಪ್ಪ ಅಕ್ಷರದ ಬೆನ್ನು ಹತ್ತಿ ಸ್ಕ್ಯಾನಿಂಗ್, ಮತ್ತೊಬ್ಬ ತಜ್ಞರು, ಮತ್ತೊಂದು ಪರೀಕ್ಷೆ, ನಿದ್ದೆಗೆಟ್ಟ ರಾತ್ರಿಗಳು.

ದಕ್ಷಿಣ ಕೊರಿಯಾದಲ್ಲಿ ಇದು ರಾಷ್ಟ್ರದ ಮಟ್ಟದಲ್ಲಿಯೇ ಅನುಭವಕ್ಕೆ ಬಂತು. ಇತರ ತಪಾಸಣೆಗಳ ಜೊತೆಗೆ ಕುತ್ತಿಗೆಯ ಥೈರಾಯ್ಡ್ ಗ್ರಂಥಿಗೂ ಅಲ್ಟ್ರಾಸೌಂಡ್ ಮಾಡಿಸುವ ರೂಢಿ ಅಲ್ಲಿ ಹಬ್ಬಿತು. 1993ಕ್ಕೆ ಹೋಲಿಸಿದರೆ 2011ರಲ್ಲಿ ಥೈರಾಯ್ಡ್ ಕ್ಯಾನ್ಸರಿನ ಪತ್ತೆ 15 ಪಟ್ಟಾಯಿತು. ಆದರೆ ಆ ರೋಗದಿಂದ ಸಾಯುವವರ ಪ್ರಮಾಣ ಬದಲಾಗಲಿಲ್ಲ. ಎಂದಿಗೂ ತೊಂದರೆ ಕೊಡದಿದ್ದ ಸಣ್ಣ ಗಂಟುಗಳಿಗಾಗಿ ಸಾವಿರಾರು ಜನ ಗ್ರಂಥಿಯನ್ನು ಕಳೆದುಕೊಂಡು ಜೀವನವಿಡೀ ಗುಳಿಗೆ ನುಂಗುವಂತಾಯಿತು. ಡೆನ್ಮಾರ್ಕಿನ ಸಂಶೋಧಕರು 2012ರಲ್ಲಿ ಪ್ರಕಟಿಸಿ 2019ರಲ್ಲಿ ಪರಿಷ್ಕರಿಸಿದ ವಿಮರ್ಶೆಯೂ, ರೋಗಲಕ್ಷಣವಿಲ್ಲದ ವಯಸ್ಕರಿಗೆ ಎಲ್ಲವನ್ನೂ ಸಾಮಾನ್ಯವಾಗಿ ನೋಡುವ ತಪಾಸಣೆಯಿಂದ ಸಾವಿನ ಪ್ರಮಾಣ ತಗ್ಗದೆಂದು ಹೇಳಿದೆ. ಆ ಅಧ್ಯಯನಗಳು ಯುರೋಪು, ಅಮೆರಿಕಗಳಲ್ಲಿ ನಡೆದವು. ಅಲ್ಲಿನ ಜನ ಬೇರೆ ಕಾರಣಕ್ಕೆ ವೈದ್ಯರಲ್ಲಿಗೆ ಹೋದಾಗಲೂ ರಕ್ತದೊತ್ತಡ ನೋಡಿಸಿಕೊಂಡೇ ಬರುತ್ತಾರೆ. ನಲವತ್ತೈದು ವಯಸ್ಸಾದರೂ ಒಮ್ಮೆಯೂ ತೋಳಿಗೆ ಪಟ್ಟಿ ಸುತ್ತಿಸಿಕೊಳ್ಳದವರಿರುವ ನಮ್ಮ ಹಳ್ಳಿಗಳಿಗೆ ಆ ಮಾತು ಹಾಗೆಯೇ ಅನ್ವಯಿಸದು ಎಂಬುದು ನನ್ನ ಅಭಿಪ್ರಾಯ. ಆದರೂ ಅದರಲ್ಲಿ ನಾವು ಗ್ರಹಿಸಬೇಕಾದ ಅಂಶವಿದೆ. ವಿಶ್ವ ಆರೋಗ್ಯ ಸಂಸ್ಥೆಗಾಗಿ ವಿಲ್ಸನ್ ಮತ್ತು ಯುಂಗ್ನರ್ ಎಂಬಿಬ್ಬರು 1968ರಲ್ಲಿಯೇ ತಪಾಸಣೆಯ ನಿಯಮಗಳನ್ನು ಬರೆದಿದ್ದರು: ರೋಗ ಮುಖ್ಯವಾದುದಾಗಿರಬೇಕು, ಲಕ್ಷಣ ತೋರದ ಹಂತವೊಂದು ಅದಕ್ಕಿರಬೇಕು, ಪತ್ತೆಯಾದವರಿಗೆ ಚಿಕಿತ್ಸೆ ದೊರೆಯುವಂತಿರಬೇಕು, ಮತ್ತು ಈ ಕಾರ್ಯ ಒಮ್ಮೆ ಮಾಡಿ ಬಿಡುವಂತಹುದಾಗದೆ ನಿರಂತರವಾಗಿ ನಡೆಯಬೇಕು. ನಮ್ಮ ಶಿಬಿರದ ಚೀಟಿ ಸೋತದ್ದು ಕೊನೆಯ ಎರಡು ನಿಯಮಗಳಲ್ಲಿ.

ಆದುದರಿಂದ ಮೂವತ್ತು ದಾಟಿದ ಸದ್ಭಕ್ತರು ವರ್ಷಕ್ಕೊಮ್ಮೆ ರಕ್ತದೊತ್ತಡ ಮತ್ತು ಸಕ್ಕರೆ, ಐದು ವರ್ಷಕ್ಕೊಮ್ಮೆಯಾದರೂ ಬಾಯಿ, ಸ್ತ್ರೀಯರಾದರೆ ಸ್ತನ ಮತ್ತು ಗರ್ಭಕಂಠ, ಇಷ್ಟನ್ನು ತಪ್ಪದೆ ನೋಡಿಸಿದರೆ ಸಾಕು. ಸರ್ಕಾರದ ರಾಷ್ಟ್ರೀಯ ಕಾರ್ಯಕ್ರಮದ ಕ್ರಮವೂ ಇದೇ. ತಂಬಾಕಿನವರು ಬಾಯಿಗಾಗಿ ಐದು ವರ್ಷ ಕಾಯಬಾರದು. ತಂದೆ, ತಾಯಿ, ಒಡಹುಟ್ಟಿದವರಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲಿ ಹೃದಯಾಘಾತವೋ ಕ್ಯಾನ್ಸರೋ ಆಗಿದ್ದರೆ ಅದನ್ನು ವೈದ್ಯರಿಗೆ ಹೇಳಬೇಕು. ಅಂತಹವರಿಗೆ ಕೊಲೆಸ್ಟರಾಲ್ ಮುಂತಾದ ಬೇರೆ ಪರೀಕ್ಷೆಗಳು ಬೇಕಾಗಬಹುದು. ಇದಕ್ಕೆಲ್ಲ ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಬೇಕಾಗಿಲ್ಲ. ಊರಿನ ಉಪಕೇಂದ್ರ ಈಗ ಆಯುಷ್ಮಾನ್ ಆರೋಗ್ಯ ಮಂದಿರವೆಂಬ ಹೆಸರಿನಲ್ಲಿದೆ. ಅಲ್ಲಿಯೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೂ ರಕ್ತದೊತ್ತಡ, ಸಕ್ಕರೆಗಳನ್ನು ಉಚಿತವಾಗಿ ನೋಡುತ್ತಾರೆ. ಕರ್ನಾಟಕ ಸರ್ಕಾರ 2024ರಲ್ಲಿ ಕೋಲಾರ ಜಿಲ್ಲೆಯಿಂದ ಆರಂಭಿಸಿದ ಗೃಹ ಆರೋಗ್ಯ ಯೋಜನೆಯಲ್ಲಿ ಆರೋಗ್ಯ ಸಿಬ್ಬಂದಿ ಮನೆಯ ಬಾಗಿಲಿಗೇ ಬರುತ್ತಾರೆ. ಬಂದವರನ್ನು "ನಮಗೇನೂ ಇಲ್ಲ, ಮುಂದಿನ ಮನೆಗೆ ಹೋಗ್ರಿ" ಎಂದು ಕಳುಹಿಸಬಾರದು.

ಈಗ ನಾವು ಶಿಬಿರಗಳಲ್ಲಿ ಬಿಡಿ ಚೀಟಿ ಕೊಡುವುದನ್ನು ನಿಲ್ಲಿಸಿದ್ದೇವೆ. ಒಂದು ನಲವತ್ತು ಪುಟದ ನೋಟ್‌ಬುಕ್ಕನ್ನು ತನ್ನಿ ಎನ್ನುತ್ತೇವೆ. ದಿನಾಂಕ, ಅಂಕಿ, ಅದರ ಅರ್ಥ ಕನ್ನಡದಲ್ಲಿ ಒಂದು ಸಾಲು, ಮುಂದೆ ಹೋಗಬೇಕಾದ ಸ್ಥಳ, ದಿನ. ಅಂಕಿ ಹೆಚ್ಚಿದ್ದವರ ಜೊತೆಗೆ ಬಂದ ಮಗ, ಸೊಸೆ, ಮೊಮ್ಮಕ್ಕಳಲ್ಲಿ ಒಬ್ಬರನ್ನು ಕರೆದು ಅವರ ಮುಂದೆ ಓದಿ ಹೇಳುತ್ತೇವೆ. ಹೆಸರುಗಳ ಪಟ್ಟಿಯನ್ನು ಆಯಾ ಊರಿನ ಆಶಾ ಕಾರ್ಯಕರ್ತೆಗೆ ತಲುಪಿಸುತ್ತೇವೆ. ದಿನಕ್ಕೆ ನೋಡುವವರ ಸಂಖ್ಯೆ ಅರ್ಧಕ್ಕಿಂತ ಕಡಿಮೆಯಾಗಿದೆ. ಶಾಮಿಯಾನದ ಹೊರಗೆ ಕಾಯುವವರಿಗೆ ಬೇಸರವಾಗುತ್ತದೆ, ಗೊತ್ತು.

ಶಿಬಿರಕ್ಕೆ ಬಂದವರು ಹೆಚ್ಚಾಗಿ ಕೇಳುವ ಮಾತುಗಳಿಗೆ ಇಲ್ಲಿಯೇ ಉತ್ತರಿಸುತ್ತೇನೆ. ಬಿ.ಪಿ. ಗುಳಿಗೆ ಒಮ್ಮೆ ಆರಂಭಿಸಿದರೆ ಅದು ಚಟವಾಗುವುದೇ? ಆಗುವುದಿಲ್ಲ. ಅಂಕಿ 130ಕ್ಕೆ ಇಳಿದಿದೆ, ಇನ್ನು ನಿಲ್ಲಿಸಬಹುದೇ? ಇಳಿದಿರುವುದು ಗುಳಿಗೆಯಿಂದ, ನಿಲ್ಲಿಸಿದರೆ ಬಹುತೇಕರಲ್ಲಿ ಮತ್ತೆ ಏರುತ್ತದೆ, ಅದೂ ಸದ್ದಿಲ್ಲದೆ. ಉಪ್ಪು ತಗ್ಗಿಸಿ, ತೂಕ ಇಳಿಸಿ, ದಿನವೂ ನಡೆದರೆ ಪ್ರಮಾಣವನ್ನು ಕಡಿಮೆ ಮಾಡಬಹುದು, ಆದರೆ ಅದನ್ನು ವೈದ್ಯರು ಮಾಡಬೇಕು. ಇಡೀ ದಿನಕ್ಕೆ ಒಬ್ಬರಿಗೆ ಒಂದು ಚಹಾ ಚಮಚೆಯಷ್ಟು ಉಪ್ಪು, ಅದರಲ್ಲಿ ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿಯ ಉಪ್ಪೂ ಸೇರಬೇಕು. ಶ್ರಾವಣ ಸೋಮವಾರದ ಉಪವಾಸವನ್ನು ಮಧುಮೇಹಿಗಳು ಮಾಡಬಹುದೇ? ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಗುಳಿಗೆ ತೆಗೆದುಕೊಳ್ಳುವವರು ಮೊದಲೇ ವೈದ್ಯರನ್ನು ಕೇಳದೆ ಮಾಡಬಾರದು. ಊಟವಿಲ್ಲದೆ ಔಷಧ ಮಾತ್ರ ಸೇರಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿದು ಪ್ರಜ್ಞೆ ತಪ್ಪಬಹುದು. ಅದೇ ಕಾರಣಕ್ಕೆ, ಬರಿಹೊಟ್ಟೆಯ ರಕ್ತಪರೀಕ್ಷೆಗೆ ಬರುವ ದಿನ ಬೆಳಿಗ್ಗೆ ಸಕ್ಕರೆಯ ಗುಳಿಗೆ, ಇನ್ಸುಲಿನ್ ತೆಗೆದುಕೊಳ್ಳದೆ ಅವನ್ನು ಚೀಲದಲ್ಲಿಟ್ಟುಕೊಂಡು ಬನ್ನಿ. ರಕ್ತ ಕೊಟ್ಟು, ಉಪಾಹಾರದ ಹೊತ್ತಿಗೆ ತೆಗೆದುಕೊಳ್ಳಿ. ಬಿ.ಪಿ. ಗುಳಿಗೆಯನ್ನು ಮಾತ್ರ ಎಂದಿನ ಸಮಯಕ್ಕೆ ಒಂದು ಗುಟುಕು ನೀರಿನೊಡನೆ ನುಂಗಿಯೇ ಹೊರಡಿರಿ.